ಸುವರ್ಣಾ ಕೇಳಿಸಿಕೊಳ್ಳದ ಅರ್ಧ ಮಾತು

"ಲೇದಂಡಿ."

ಇಲ್ಲ ಎಂದು ತೆಲುಗಿನಲ್ಲಿ ಅಷ್ಟೇ ಹೇಳಿ, ಔಷಧಿ ಅಂಗಡಿಯಾತ ಚೀಟಿಯನ್ನು ಮಡಚಿ ಕೌಂಟರಿನ ಮೇಲಿಟ್ಟ.

ಸುವರ್ಣಾಳಿಗೆ ಅದು ಆ ಬೆಳಿಗ್ಗೆಯ ಮೂರನೇ 'ಇಲ್ಲ'. ಕೋಠಿಯ ಔಷಧಿ ಅಂಗಡಿಗಳ ಸಾಲಿನಲ್ಲಿ ಎಲ್ಲ ಇತ್ತು. ಗರ್ಭಪಾತದ ಗುಳಿಗೆ ಎಂದು ಓದಿದ ಕೂಡಲೇ ಮಾತ್ರ ಎಲ್ಲರ ಮುಖವೂ ಒಂದೇ ಥರ ಮುಚ್ಚಿಕೊಳ್ಳುತ್ತಿತ್ತು.

ಅವಳು ಹಿಮಾಯತ್‌ನಗರದ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ಆಪ್ತಸಮಾಲೋಚಕಿ. ಬಂದ ಹೆಂಗಸರ ಜೊತೆ ಕೂತು ಮಾತಾಡುವುದು, ಅವರಿಗೆ ತಿಳಿಯುವ ಹಾಗೆ ಎಲ್ಲ ಹೇಳುವುದು ಅವಳ ಕೆಲಸ. ಅಂದು ದವಾಖಾನೆಯಲ್ಲಿ ಗುಳಿಗೆ ಮುಗಿದಿತ್ತು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು.

"ಇಂವನೂ ಪಾಪ-ಪುಣ್ಯ ನೋಡಾವನ..." ಎಂದು ಸುವರ್ಣಾ ತನ್ನಷ್ಟಕ್ಕೆ ತಾನೇ ಅಂದುಕೊಂಡಳು. ದನಿ ಸ್ವಲ್ಪ ದೊಡ್ಡದಾಯಿತು.

ಆತ ತಲೆಯೆತ್ತಿದ. "ಕನ್ನಡದವ್ರೇನ್ರಿ?"

"ಹೌದು. ಅದರಿಂದ ಏನಾತು?"

"ಒಂದ್ ಮಾತ್ ಕೇಳ್ತೀನ್ರಿ. ಈ ಗುಳಿಗಿ ತಗೊಳ್ಳಾಕಿಗೆ ಸ್ಕ್ಯಾನ್ ಆಗೇತೇನು?"

ಅವಳ ಕೆನ್ನೆ ಬಿಸಿಯಾಯಿತು. "ಡಾಕ್ಟರ್ ಬರೆದ ಚೀಟಿ ನಿಮ್ಮ ಮುಂದ ಐತಿ. ನಾ ಔಷಧ ಕೇಳಾಕ ಬಂದೀನಿ. ವಿಚಾರಣಾ ಮಾಡಸ್ಕೊಳ್ಳಾಕಲ್ಲ."

ಆತ ಫೋನೆತ್ತಿ ಯಾರ ಜೊತೆಗೋ ಎರಡು ಮಾತಾಡಿದ. ಒಂದು ಕಾಗದದ ಮೇಲೆ ಇನ್ನೊಂದು ಅಂಗಡಿಯ ಹೆಸರು ಬರೆದು ಕೊಟ್ಟ. "ಎಡಕ್ಕ ಎರಡನೇ ಗಲ್ಲಿ. ಅವರು ಎತ್ತಿ ಇಟ್ಟಿರ್ತಾರ. ಸ್ಕ್ಯಾನ್ ಮಾತ್ರ ಮರೀಬ್ಯಾಡ್ರಿ..."

ಅವನ ಮಾತು ಮುಗಿಯುವ ಮೊದಲೇ ಅವಳು ಮೆಟ್ಟಿಲಿಳಿದಿದ್ದಳು.

ಆದರೆ ಗುಳಿಗೆ ಕೊಂಡು ಆಟೋದಲ್ಲಿ ಕೂತ ಮೇಲೆ, ಯಾಕೋ ಅವನ ಕಣ್ಣುಗಳೇ ನೆನಪಾದವು. ಅವುಗಳಲ್ಲಿ ತಿರಸ್ಕಾರ ಇರಲಿಲ್ಲ. ಭಯವಿತ್ತು.

ಅಂಗಡಿಯವನಿಗೆ ಎಂಥ ಭಯ...?

* * *

ಎಂಟು ದಿನ ಬಿಟ್ಟು ಕೂಕಟ್‌ಪಲ್ಲಿಯ ಮೆಟ್ರೋ ಸ್ಟೇಷನ್ನಿನಲ್ಲಿ ಆತ ಸಿಕ್ಕ. ಅವಳು ತಿರುಗಿ ನಿಲ್ಲುವುದರೊಳಗೆ ಹತ್ತಿರ ಬಂದ. ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. ಮೊದಲು ಕೇಳಿದ್ದು ಇದು.

"ಆ ಹುಡುಗಿ ಆರಾಮ ಅದಾಳೇನ್ರಿ?"

ಸುವರ್ಣಾ ಅವನನ್ನೇ ನೋಡಿದಳು. "ಆರಾಮ ಅದಾಳ. ಸ್ಕ್ಯಾನ್ ಮೊದ್ಲ ಆಗಿತ್ತು."

ಎಂಟು ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಂತೆ ಅವನ ಭುಜಗಳು ಇಳಿದವು.

ಅವನ ಹೆಸರು ಶಾಂತಕುಮಾರ. ಅಂಗಡಿ ಅವನ ತಂದೆ ಅಮರೇಶಪ್ಪನವರದು, ಲಿಂಗಸುಗೂರಿನಿಂದ ಬಂದು ನಲವತ್ತು ವರ್ಷದ ಹಿಂದೆ ಹಾಕಿದ್ದು. ಮನೆ ಅವಳ ಫ್ಲಾಟಿನಿಂದ ನಾಲ್ಕು ಗಲ್ಲಿ ಆಚೆ. ಇಷ್ಟು ವರ್ಷ ಒಂದೇ ರೈಲಿನಲ್ಲಿ ಓಡಾಡಿಯೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಆಮೇಲೆ ದಿನವೂ ನೋಡಿದರು.

ಬೆಳಗಿನ ರೈಲು ಊರಿನ ತಲೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಮಂಜು ಇನ್ನೂ ಪೂರ್ತಿ ಕರಗಿರುತ್ತಿರಲಿಲ್ಲ. ಕಿಟಕಿಯಾಚೆ ಮಾಳಿಗೆಗಳ ಮೇಲೆ ಒಣಹಾಕಿದ ಸೀರೆಗಳು, ಬೇವಿನ ಮರದ ತುದಿಗಳು, ದೂರದ ಮಿನಾರುಗಳು ಬಂದು ಬಂದು ಹಿಂದೆ ಸರಿಯುತ್ತಿದ್ದವು. ಬಿಸಿಲು ಅವನ ಅಂಗಿಯ ತೋಳಿನಿಂದ ಅವಳ ಸೆರಗಿಗೆ, ಸೆರಗಿನಿಂದ ಬಾಗಿಲಿಗೆ ಹೊರಳುತ್ತಿತ್ತು. ಎಚ್ಚರವಿದ್ದೇ ನಿದ್ದೆ ಮಾಡಿದ ಹಾಗೆ ಅನಿಸುತ್ತಿತ್ತು ಸುವರ್ಣಾಳಿಗೆ.

ಅವಳು ಇಳಿಯಬೇಕಾದ್ದು ಅಸೆಂಬ್ಲಿ ಸ್ಟೇಷನ್ನಿನಲ್ಲಿ. ಒಂದು ದಿನ ಮಾತಿನ ನಡುವೆ ಅದು ದಾಟಿಹೋಯಿತು. ಮರುದಿನವೂ ದಾಟಿತು. ಮೂರನೇ ದಿನ ಶಾಂತಕುಮಾರ ಮೆಲ್ಲಗೆ, "ನಿಮ್ಮ ಸ್ಟೇಷನ್ ಹೋತ್ರಿ," ಎಂದ.

"ಗೊತ್ತೈತಿ," ಎಂದಳು ಅವಳು.

ಕೋಠಿಯವರೆಗೆ ಅವನ ಜೊತೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹಿಮಾಯತ್‌ನಗರಕ್ಕೆ ವಾಪಸ್ ಬರುವುದು ಅವಳಿಗೆ ರೂಢಿಯಾಯಿತು.

ತನಗೆ ಮದುವೆಯಾಗಿತ್ತು, ಮುರಿಯಿತು ಎಂದು ಒಂದು ದಿನ ಹೇಳಿದಳು. ಅವನು ಯಾಕೆ ಎಂದು ಕೇಳಲಿಲ್ಲ. ಅವಳಿಗೆ ಅದೂ ಇಷ್ಟವಾಯಿತು. ಇನ್ನೊಂದು ವಿಷಯ ಮಾತ್ರ ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು.

*ಇವತ್ತು ಬ್ಯಾಡ. ಇನ್ನೊಂದು ದಿನ ಈ ಬಿಸಿಲು ಹಿಂಗ ಇರಲಿ...*

* * *

ಮಾರ್ಚಿನ ಒಂದು ಭಾನುವಾರ ಸಂಜೆ ಕನ್ನಡ ಸಂಘದ ಹೆಂಗಸರು ಚರ್ಚೆ ಇಟ್ಟಿದ್ದರು. ಗರ್ಭಪಾತದ ವಿಚಾರದಿಂದ ನೀತಿಯನ್ನು ಬೇರೆ ಮಾಡಬಹುದೇ ಎಂಬುದು ವಿಷಯ. ಮಾತಾಡಲು ಸುವರ್ಣಾಳನ್ನು ಕರೆದಿದ್ದರು.

"ನನ್ನ ಮುಂದ ಬಂದು ಕೂಡೋ ಹೆಂಗಸು ಹತ್ತು ದಿನ ನಿದ್ದಿಗೆಟ್ಟು ಬಂದಿರ್ತಾಳ," ಎಂದಳು ಅವಳು. "ಆಕಿಗೆ ಆಗಬೇಕಾದ್ದು ಔಷಧ, ಒಂದು ಹಾಸಿಗಿ, ಒಳ್ಳೇ ಮಾತು. ಗಂಡನ ಸಹಿ ಬೇಕಾಗಿಲ್ಲ ಅಂತ ಕಾಯ್ದೆನ ಹೇಳತೈತಿ. ಆದ್ರೂ ಎಲ್ಲರೂ ಕೇಳ್ತಾರ. ಅದಕ್ಕ ಹೇಳ್ತೀನಿ, ನಿಮ್ಮ ನೀತಿ ದವಾಖಾನಿ ಬಾಗಿಲ ಹೊರಗ ಬಿಟ್ಟು ಬರ್ರಿ."

ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಶಾಂತಕುಮಾರ.

"ನಾ ಒಪ್ಪಂಗಿಲ್ರಿ," ಎಂದ ಅವನು. ದನಿ ನಡುಗುತ್ತಿತ್ತು. "ನೀತಿ ಹೊರಗ ಇಡಾಕ ಬರಂಗಿಲ್ಲ. ಒಂದು ಜೀವದ ಪ್ರಶ್ನಾ ಬಂದಾಗ..."

ಅವನು ಮಾತಿನ ನಡುವೆ ತಡೆದು ನಿಂತ. ಅಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು. "ಬರೋಬರಿ ಹೇಳಿದ್ರು," ಎಂದರು ಇನ್ನೊಬ್ಬರು. ಚಪ್ಪಾಳೆ ಹಬ್ಬಿತು. ಅವನು ಮಾತು ಮುಗಿಸದೆ ಕೂತುಬಿಟ್ಟ.

ಸುವರ್ಣಾಳಿಗೆ ಸಭಾಂಗಣದ ದೀಪಗಳೆಲ್ಲ ಮಸುಕಾದವು.

ಹೊರಗೆ ಬಂದಾಗ ಅವನು ಗೇಟಿನ ಹತ್ತಿರ ನಿಂತಿದ್ದ. "ಸುವರ್ಣಾ ಅವರ, ನನ್ನ ಮಾತು ಪೂರಾ..."

"ಕೇಳಿದೆ, ಸಾಕು." ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. "ಇಷ್ಟು ದಿನ ಹೇಳಿರಲಿಲ್ಲ. ಈಗ ಹೇಳ್ತೀನಿ. ಆರು ವರ್ಷದ ಹಿಂದ ನಾನೂ ಮಾಡಿಸ್ಕೊಂಡೀನಿ."

ಅವನು ಕದಲಲಿಲ್ಲ.

"ನನ್ನ ಗಂಡ ಬಡೀತಿರಲಿಲ್ಲ, ಕುಡೀತಿರಲಿಲ್ಲ. ಒಳ್ಳೇಂವನ ಇದ್ದ. ಇಬ್ಬರ ನಡುವ ಏನೂ ಉಳಿದಿರಲಿಲ್ಲ, ಅಷ್ಟ. ಬಿಡೋದು ಅಂತ ನಿಕ್ಕಿ ಆದ ಮ್ಯಾಲ ಬಸುರಿದ್ದದ್ದು ಗೊತ್ತಾತು. ಕೂಸು ಇಟ್ಟುಕೋ, ಹೊಂದಿಕೊಂಡು ಹೋಗೂಣು ಅಂದ. ನಾ ಒಲ್ಲೆ ಅಂದೆ. ಅಂವ ಕೆಟ್ಟವನಿದ್ದಿದ್ರ ಮಂದಿ ನನಗ ಅಯ್ಯೋ ಅಂತಿದ್ರು. ಈಗ ಹೇಳ್ರಿ ನಿಮ್ಮ ನೀತಿ."

ಶಾಂತಕುಮಾರನ ತುಟಿ ಅಲುಗಿತು. ಮಾತು ಬರಲಿಲ್ಲ. ಒಂದು ಕೈ ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಅವಳು ಹತ್ತು ಎಣಿಸುವಷ್ಟು ಹೊತ್ತು ಕಾದಳು.

ಆಮೇಲೆ ಆಟೋ ಹತ್ತಿದಳು.

* * *

ಮರುದಿನದಿಂದ ಸುವರ್ಣಾ ರೈಲಿನಲ್ಲಿ ಹೆಂಗಸರ ಡಬ್ಬಿಗೆ ಹೋದಳು. ತನ್ನ ಸ್ಟೇಷನ್ನಿನಲ್ಲೇ ಇಳಿದಳು. ಅವನ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಅವಳ ತಾಯಿ ಪಾರ್ವತಿಬಾಯಿ ಎಲ್ಲವನ್ನೂ ನೋಡುತ್ತಿದ್ದರು. ಆರು ವರ್ಷದ ಹಿಂದೆ ದವಾಖಾನೆಯ ಹಾಸಿಗೆಯ ಪಕ್ಕ ಕೂತು ಮಗಳ ತಲೆ ಸವರಿದ್ದವರು ಅವರೇ. ನಾಲ್ಕನೇ ದಿನ ರೊಟ್ಟಿ ಬಡಿಯುತ್ತ ಕೇಳಿದರು.

"ಅಂವಗ ಹೇಳಿದೇನು?"

"ಹೇಳಿದೆ."

"ಏನಂದ?"

"ಏನೂ ಅನಲಿಲ್ಲ."

"ಏನೂ ಅನದಿದ್ರ ಅದು ಬೈದಂಗ ಹೆಂಗಾತವಾ?" ಎಂದು ಪಾರ್ವತಿಬಾಯಿ ರೊಟ್ಟಿ ತಿರುವಿ ಹಾಕಿದರು.

ಸುವರ್ಣಾ ಕಣ್ಣು ಮುಚ್ಚಿದರೆ ಕಿಟಕಿಯ ಬಿಸಿಲು, ಅವನ ತೋಳು... ಅದೆಲ್ಲ ಯಾರೋ ಬೇರೆಯವರಿಗೆ ಬಿದ್ದ ಕನಸಿನ ಹಾಗೆ ದೂರವಾಗಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ದವಾಖಾನೆಯ ಅವಳ ಕೋಣೆಗೆ ಒಬ್ಬ ಮುದುಕರು ಬಂದರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ. ಹೆಂಗಸರೇ ತುಂಬಿದ ಬೆಂಚುಗಳ ನಡುವೆ ತಲೆತಗ್ಗಿಸಿಕೊಂಡು ನಡೆದು ಬಂದಿದ್ದರು.

"ನಾ ಅಮರೇಶಪ್ಪ. ಶಾಂತೂನ ಅಪ್ಪ."

ಸುವರ್ಣಾ ಎದ್ದು ಕುರ್ಚಿ ಕೊಟ್ಟಳು. *ಇವರಿಗೆ ಹೇಳಿಬಿಟ್ಟಾನೇನು?*

"ಸಭಾದಾಗ ನಿಮ್ಮಿಬ್ಬರ ನಡುವ ಏನೋ ಮಾತು ಬಂತಂತ ಸಂಘದವ್ರು ಅಂದ್ರು. ಅಂವಗ ಕೇಳಿದ್ರ ಏನೂ ಹೇಳವಲ್ಲ," ಎಂದರು ಅಮರೇಶಪ್ಪ. "ಅಂವ ಹೇಳದಿರೋದು ನನ್ನ ಸಲುವಾಗಿ. ಅದಕ್ಕ ನಾನ ಬಂದೆ ಯವ್ವಾ."

ಅವನು ಅವಳ ಗುಟ್ಟನ್ನು ತಂದೆಗೂ ಹೇಳಿರಲಿಲ್ಲ. ಅವಳು ಮೆಲ್ಲಗೆ ಎದುರಿಗೆ ಕೂತಳು.

"ನನಗೊಬ್ಬ ಮಗಳಿದ್ಲು. ರೇಣುಕಾ. ಶಾಂತೂನ ಅಕ್ಕ. ಎರಡು ಮಕ್ಕಳಿದ್ವು. ಮೂರನೇದು ನಿಂತಾಗ ಬ್ಯಾಡ ಅಂತ ತಾಯಿ ಮುಂದ ಅಂದಳು. ನಾ ಹೊರಗ ಕೂತು ಕೇಳಿಸ್ಕೊಂಡೆ. ಅಂಥಾ ಪಾಪ ಮಾಡಿದವ್ರ ಮಾರಿ ನಾ ನೋಡಂಗಿಲ್ಲ ಅಂದೆ. ಒಂದ ಸಲ ಅಂದೆ ಯವ್ವಾ. ಒಂದ ಮಾತು."

ಹೊರಗೆ ಯಾವುದೋ ಕೂಸು ಅತ್ತು ಸುಮ್ಮನಾಯಿತು.

"ನಮ್ಮ ಅಂಗಡಿಯಿಂದನ ಆಕಿ ಗುಳಿಗಿ ಒಯ್ದಿದ್ಲು. ಡಾಕ್ಟರ್ ಇಲ್ಲ, ಸ್ಕ್ಯಾನ್ ಇಲ್ಲ. ಗರ್ಭ ಇರೋ ಜಾಗಾದಾಗ ಇರಲಿಲ್ಲಂತ, ನಾಳದಾಗ ನಿಂತಿತ್ತಂತ. ಅದು ಒಳಗ ಒಡೀತು. ನೋವು ಬಂದ್ರೂ ನನಗ ಹೆದರಿ ಎರಡು ದಿನ ಬಾಯಿ ಬಿಡಲಿಲ್ಲ. ದವಾಖಾನಿಗೆ ಎತ್ತಿಕೊಂಡು ಹೋದಾಂವ ಶಾಂತೂ. ಅಂವನ ಕೈಯಾಗ ಹೋದಳು."

ಸುವರ್ಣಾಳ ಕಣ್ಣಲ್ಲಿ ನೀರು ನಿಂತಿತು. ಕೌಂಟರಿನ ಆಚೆ ಕಂಡ ಆ ಭಯ... ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದ ಆ ಭುಜಗಳು...

"ಎಂಟು ವರ್ಷಾತು. ಆವತ್ತಿನಿಂದ ಆ ಗುಳಿಗಿ ಇಡೋದು ಬಿಟ್ವಿ. ಧರ್ಮಕ್ಕ ಬಿಟ್ಟಾರ ಅಂತ ಮಂದಿ ತಿಳಕೊಂಡಾರ. ಹೌದು ಅಂತ ಸುಮ್ಮನದೀವಿ." ಅಮರೇಶಪ್ಪ ಧೋತರದ ತುದಿಯಿಂದ ಮುಖ ಒರೆಸಿಕೊಂಡರು. "ನಾ ನಂಬಿದ್ದು ತಪ್ಪೋ, ಅಂದಿದ್ದು ತಪ್ಪೋ, ಇವತ್ತಿಗೂ ನನಗ ತಿಳಿದಿಲ್ಲ. ಆದ್ರ ಹಡೆದ ಮಗಳು ನನಗ ಹೆದರಿ ಸತ್ಲು. ಅದೂ ಪಾಪ ಅಲ್ಲೇನು?"

ಅವಳು ಆ ಮುದಿ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು.

* * *

ಮರುದಿನ ಬೆಳಿಗ್ಗೆ ಸುವರ್ಣಾ ಕೋಠಿಗೆ ಬಂದಳು. ಬೀದಿ ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಳೆ ಪುಸ್ತಕ ಮಾರುವವರು ಫುಟ್‌ಪಾತಿನ ಮೇಲೆ ಹಾಸು ಬಿಡಿಸುತ್ತಿದ್ದರು. ಎಳೆ ಬಿಸಿಲಿನಲ್ಲಿ ಧೂಳು ಬಂಗಾರದ ಹೊಗೆಯಂತೆ ಏಳುತ್ತಿತ್ತು.

ಶಾಂತಕುಮಾರ ಶಟರ್ ಎತ್ತಿ ತಿರುಗಿದ. ಅವಳನ್ನು ಕಂಡು ಅಲ್ಲೇ ನಿಂತ. ಹನ್ನೆರಡು ದಿನದಲ್ಲಿ ಸೊರಗಿದ್ದ.

"ನಿಮ್ಮ ಅಪ್ಪಾರು ಬಂದಿದ್ರು," ಎಂದಳು ಅವಳು. "ಸಭಾದಾಗ ನೀವು ಮುಗಿಸಲಿಲ್ಲಲ್ಲ, ಆ ಮಾತು ಈಗ ಹೇಳ್ರಿ."

ಅವನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಒಂದು ಜೀವದ ಪ್ರಶ್ನಾ ಬಂದಾಗ, ಆ ಹೆಂಗಸಿನ ಜೀವಾನೂ ಎಣಿಸಬೇಕು ಅನ್ನಾವನಿದ್ದೆ. ಆಕಿಗೆ ಹೆದರಿಕಿ ಹಾಕಿದವ್ರನ್ನೂ ನೀತಿ ಕೇಳಬೇಕು. ಅದನ್ನ ಹೊರಗ ಇಟ್ರ ನಮ್ಮಂಥವ್ರು ಪಾರಾಗಿಬಿಡ್ತೀವಿ. ಇಷ್ಟ ಹೇಳಾಕ ಎದ್ದೆ. ಅಕ್ಕನ ಮಾರಿ ಕಣ್ಣ ಮುಂದ ಬಂತು."

"ಗೇಟಿನ ಹತ್ರ ನಾ ಹೇಳಿದಾಗ ಯಾಕ ಸುಮ್ಮನಿದ್ರಿ?"

"ನೀವು ನಿಂತು ಹೇಳಿದ್ರಿ. ಅಕ್ಕ ಹಿಂಗ ಒಂದ ಸಲ ನನ್ನ ಮುಂದ ಹೇಳಿದ್ದಿದ್ರ..." ಅವನ ದನಿ ಒಡೆಯಿತು. "ಅದ ಮನಸ್ಸಿನ್ಯಾಗ ತುಂಬಿಕೊಂಡಿತ್ತು. ನೀವು ಉತ್ತರಕ್ಕ ಕಾಯಾಕತ್ತೀರಿ ಅನ್ನೋದು ಆಟೋ ಹೋದ ಮ್ಯಾಲ ತಿಳೀತು."

ಸುವರ್ಣಾ ಒಂದು ಮೆಟ್ಟಿಲು ಹತ್ತಿ ಅವನ ಹತ್ತಿರ ಬಂದಳು.

"ನಾ ಮಾಡಿದ್ದು ನಿಮಗ ತಪ್ಪು ಅನಸತೈತೇನು? ಖರೇ ಹೇಳ್ರಿ. ನನಗ ನೋವಾದ್ರೂ ಅಡ್ಡಿಯಿಲ್ಲ."

ಅವನು ಯೋಚಿಸಿಯೇ ಹೇಳಿದ. "ಆ ವಿಷಯ ನನಗ ಹಗುರ ಅನಸಂಗಿಲ್ರಿ. ಸುಳ್ಳ ಯಾಕ ಹೇಳ್ಲಿ. ಆದ್ರ ನೀವು ತಪ್ಪು ಮಾಡೀರಿ ಅಂತ ಒಂದ ಗಳಿಗೀನೂ ಅನಿಸಿಲ್ಲ. ನಿಮ್ಮ ಸಲುವಾಗಿ ನಿರ್ಧಾರ ಮಾಡಾಕ ನಾ ಯಾರು?"

ಅವಳ ಕಣ್ಣುಗಳು ತುಂಬಿ ಬಂದವು.

"ನನಗೂ ಹಗುರ ಇರಲಿಲ್ರಿ. ಇವತ್ತಿಗೂ ಇಲ್ಲ. ಪಶ್ಚಾತ್ತಾಪ ಇಲ್ಲ, ಆದ್ರ ಮರೆತೂ ಇಲ್ಲ. ಮಂದಿಯ ನೀತಿ ಹೊರಗಿಡ್ರಿ ಅಂದೆ. ನನ್ನದು ನನ್ನೊಳಗ ಐತಿ. ಅದನ್ನ ನಾ ಅವ್ವನ ಮುಂದೂ ಹೇಳಿರಲಿಲ್ಲ."

"ನನಗ ಹೇಳಿದ್ರಿ."

"ಹೂಂ. ನಿಮಗ ಹೇಳಿದೆ."

ಬೀದಿಯಲ್ಲಿ ಮೊದಲ ಬಸ್ಸು ಹಾಯ್ದು ಹೋಯಿತು. ಶಾಂತಕುಮಾರ ಕೈ ಚಾಚಿದ. ಅವಳ ಬೆರಳುಗಳು ಅವನ ಅಂಗೈಯಲ್ಲಿ ತಾವಾಗಿಯೇ ಬಂದು ಕೂತವು. ಮೈಯೆಲ್ಲ ಹಗುರಾಗಿ, ನಿಂತ ಮೆಟ್ಟಿಲೇ ತೇಲುತ್ತಿದೆ ಅನಿಸಿತು ಅವಳಿಗೆ.

"ಇವತ್ತು ಅವ್ವಾರು ಮನ್ಯಾಗ ಇರ್ತಾರೇನು?" ಎಂದು ಅವನು ಕೇಳಿದ.

"ಇರ್ತಾಳ. ಯಾಕ?"

"ಅಪ್ಪನ್ನ ಕರಕೊಂಡು ಬರ್ತೀನಿ. ಹೆಣ್ಣು ಕೇಳಾಕ."

ಸುವರ್ಣಾಳ ಒದ್ದೆ ಕಣ್ಣುಗಳಲ್ಲಿ ನಗು ಮೂಡಿತು. "ಅವ್ವನ್ನ ಕೇಳೋದು ಆಮ್ಯಾಲ. ಹೆಣ್ಣನ್ನ ಕೇಳಿದ್ರೇನು?"

ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದ.

"ಈಗ ಕೇಳಾಕತ್ತೀನಿ, ಸುವರ್ಣಾ."

"ಬರೇ ಹೆಸರು ಹಿಡಿದು ಕರೆದ್ರಿ..." ಎಂದಳು ಅವಳು ಮೆಲ್ಲಗೆ. "ಸಂಜೀಗೆ ಬರ್ರಿ. ನಾನೂ ಇರ್ತೀನಿ."