ಸಾಯದ ಲೆಂಕ

ತೊರೆಪಟ್ಟಣಕ್ಕೆ ಬೆಳಗಾಗುತ್ತಿದ್ದುದು ಹೊಳೆಯ ಕಡೆಯಿಂದ. ಮಂಜು ಕರಗುವ ಮೊದಲೇ ಹರಿಗೋಲುಗಳು ದಡ ಮುಟ್ಟುತ್ತಿದ್ದವು. ಮೆಣಸು, ಅರಿಸಿನ, ಬೆಲ್ಲದ ಹೇರುಗಳನ್ನು ಹೊತ್ತ ಎತ್ತುಗಳು ಕೆಂಗಲ್ಲಿನ ಕೋಟೆಯ ಮೂಡಣ ಬಾಗಿಲಲ್ಲಿ ಸುಂಕದವನ ಮುಂದೆ ಸಾಲುಗಟ್ಟುತ್ತಿದ್ದವು. ಅರಮನೆಯ ಉಪ್ಪರಿಗೆಯಿಂದ ಮಂಗಳವಾದ್ಯದ ದನಿ ಇಳಿದು ಬರುತ್ತಿತ್ತು. ಆದರೆ ಕಾರ್ತಿಕ ಮಾಸದ ಆ ದಿನ ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದಿದ್ದವು, ಸುಂಕದ ಕಟ್ಟೆಯಲ್ಲಿ ಸುಂಕದವನೇ ಇರಲಿಲ್ಲ. ಊರಿಗೆ ಊರೇ ಪಡುವಣ ಬಾಗಿಲಾಚೆಯ ಬಯಲಿನಲ್ಲಿ ನೆರೆದಿತ್ತು. ಅಲ್ಲಿ ಎರಡು ಶೂಲಗಳನ್ನು ನೆಟ್ಟು ಎಣ್ಣೆ ಸವರಿದ್ದರು. ಪುರಿ ಮಾರುವವಳ ಎರಡು ಕುಕ್ಕೆಗಳು ಆಗಲೇ ಬರಿದಾಗಿದ್ದವು. ಸಾವು ಬೇರೆಯವರದಾದಾಗ ನೋಡುವವರಿಗೆ ಹಸಿವು ಹೆಚ್ಚು.

ಶೂಲಕ್ಕೇರಬೇಕಾಗಿದ್ದವರು ಗಂಡಹೆಂಡಿರು. ಗಂಡ ಚಟ್ಟಯ್ಯ, ಅರಸ ಇರಿವರಸನ ಲೆಂಕ. ಲೆಂಕನೆಂದರೆ ಬರಿಯ ಕಾವಲುಗಾರನಲ್ಲ. ಒಡೆಯನೊಂದಿಗೆ ಬದುಕುತ್ತೇನೆ, ಒಡೆಯನೊಂದಿಗೆ ಸಾಯುತ್ತೇನೆ ಎಂದು ದೇವರ ಮುಂದೆ ಆಣೆಯಿಟ್ಟು, ಆ ಆಣೆಯ ಗುರುತಾಗಿ ಎಡಗಾಲಿಗೆ ಪೆಂಡೆಯವೆಂಬ ಬೆಳ್ಳಿಯ ಕಡಗ ತೊಟ್ಟವನು. ಹೆಂಡತಿ ಹೊಲ್ಲವ್ವೆ ಅರಸನ ಅಡಪದವಳು, ಎಂದರೆ ವೀಳ್ಯದ ಚೀಲ ಹಿಡಿದು ಹೊತ್ತುಹೊತ್ತಿಗೆ ತಾಂಬೂಲ ಮಡಿಸಿ ಕೊಡುವವಳು. ಬೇಟೆಯ ಬೀಡಿನಲ್ಲಿ ಇರಿವರಸನು ತಾಂಬೂಲ ಮೆದ್ದು ಸ್ವಲ್ಪ ಹೊತ್ತಿಗೇ ನಾಲಗೆ ದಪ್ಪಗಾಗಿ, ಮಾತು ಸತ್ತು, ಉಸಿರು ಬಿಟ್ಟಿದ್ದನು. ಆತನ ತಮ್ಮ ಸೋವರಸನು ಅಂದೇ ಬೀಡಿನಲ್ಲಿ ಸಭೆ ಕೂಡಿಸಿ ಇಬ್ಬರಿಗೂ ಮರಣದಂಡನೆ ವಿಧಿಸಿದ್ದನು. ಅಡಪಕ್ಕೆ ಮೊಹರು ಹಾಕಿದವನೂ ಅವನೇ. ಆದರೆ ಧರ್ಮಾಧಿಕರಣದ ಒಪ್ಪಿಗೆಯಿಲ್ಲದೆ ಆ ನಾಡಿನಲ್ಲಿ ಯಾರ ಕೊರಳೂ ಹೋಗುವಂತಿರಲಿಲ್ಲ.

ಒಪ್ಪಿಗೆ ಬರುವುದೆಂದು ಜನ ಕಾದರು. ಬಂದವನು ಡಂಗುರದವನು.

"ಕೇಳಿರಯ್ಯಾ ಕೇಳಿರಿ! ಧರ್ಮಾಧಿಕಾರಿ ಕಲಿದೇವಯ್ಯನವರು ಬೀಡಿನ ತೀರ್ಪನ್ನು ತಳ್ಳಿಹಾಕಿದ್ದಾರೆ. ಲೆಂಕನೂ ಅವನ ಹೆಂಡತಿಯೂ ನಿರ್ದೋಷಿಗಳು!"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಯಲಿಗೆ ಬೆಂಕಿ ಬಿದ್ದಂತಾಯಿತು.

ನಡೆದದ್ದು ಇಷ್ಟು. ಕಲಿದೇವಯ್ಯ ಎಪ್ಪತ್ತು ದಾಟಿದ ವೃದ್ಧ, ಬಾಯಲ್ಲಿ ತಾಂಬೂಲವಿಲ್ಲದೆ ತೀರ್ಪು ಹೇಳದವನೆಂದು ಊರಿನ ನಗೆಗೆ ಗುರಿಯಾದವನು. ಅಂದು ಮುಂಜಾನೆ ತುಂಬಿದ ಸಭೆಯಲ್ಲಿ ಸೋವರಸನ ಮೊಹರನ್ನು ಎಲ್ಲರಿಗೂ ತೋರಿಸಿ ಒಡೆದು, ಅಡಪವನ್ನು ತನ್ನ ಮುಂದಿಟ್ಟುಕೊಂಡನು. "ವಿಷ ಈ ಅಡಪದಲ್ಲಿತ್ತೆಂಬುದು ಆರೋಪ. ಅಡಪ ಇಲ್ಲಿದೆ. ನಾನೂ ಇಲ್ಲಿದ್ದೇನೆ" ಎಂದು, ಒಣಗಿದ ಎಲೆಗೆ ಅದರೊಳಗಿನ ಸುಣ್ಣವನ್ನೇ ನೀರು ಬೆರೆಸಿ ಸವರಿ, ಅಡಕೆ, ಲವಂಗ, ಪಚ್ಚಕರ್ಪೂರ ಯಾವುದನ್ನೂ ಬಿಡದೆ ಮಡಿಸಿ ಬಾಯಿಗಿಟ್ಟನು. ಮುದುಕ ಅಗಿದನು, ಉಗುಳಿದನು, ಇನ್ನೊಂದು ಮಡಿಸಿದನು. ಹೊತ್ತು ನೆತ್ತಿಗೇರುವವರೆಗೂ ಆತನು ಸಾಯಲಿಲ್ಲ. "ಎಲೆ ಒಣಗಿದೆ ಎಂಬುದೊಂದನ್ನು ಬಿಟ್ಟರೆ ಈ ತಾಂಬೂಲದಲ್ಲಿ ದೋಷವಿಲ್ಲ" ಎಂದು ಹೇಳಿ ತೀರ್ಪು ಕೊಟ್ಟನು.

ಜನಕ್ಕೆ ಅದು ರುಚಿಸಲಿಲ್ಲ. ಅವರನ್ನು ಸುಮ್ಮನೆ ಹಳಿಯುವುದೂ ತಪ್ಪು. ಇರಿವರಸನನ್ನು ಅವರು ನಿಜವಾಗಿ ಪ್ರೀತಿಸಿದ್ದರು; ನೆರೆ ಬಂದ ವರ್ಷ ಆತನೇ ಮೊಣಕಾಲು ನೀರಿನಲ್ಲಿ ನಿಂತು ನೇಕಾರರ ಮಗ್ಗಗಳನ್ನು ಎತ್ತಿಸಿದ್ದನು. ಅಂಥವನು ಸತ್ತಿದ್ದಾನೆ, ಯಾರಾದರೂ ಅದಕ್ಕೆ ಸಾಯಬೇಕು. ದುಃಖಕ್ಕೆ ಅಷ್ಟೇ ಲೆಕ್ಕ ಗೊತ್ತು.

"ಅರಸರನ್ನು ಕೊಂದವರಿಗೆ ಬಿಡುಗಡೆಯಂತೆ! ನಾಳೆ ನಮ್ಮ ಮನೆಗೆ ನುಗ್ಗಿ ಕೊಂದರೂ ಈ ಮುದುಕ ಎಲೆ ಮೆಲ್ಲುತ್ತಾ ಕೂರುತ್ತಾನೆ" ಎಂದು ನೇಕಾರರ ಹಿರಿಯನೊಬ್ಬನು ಅತ್ತನು.

"ಮೊದಲೇ ಮದ್ದು ಕುಡಿದು ಬಂದಿದ್ದಾನೆ, ಅದಕ್ಕೇ ನಾಟಲಿಲ್ಲ!" ಎಂದು ಇನ್ನೊಬ್ಬನು ಕೂಗಿದನು.

"ಕೊಲ್ಲದಿದ್ದರೇನಂತೆ? ಒಡೆಯ ಸತ್ತ ಮೇಲೂ ಲೆಂಕ ಉಣ್ಣುತ್ತಾ ಕೂತಿದ್ದಾನಲ್ಲ!" ಎಂದಳು ಪುರಿ ಮಾರುವವಳು. ಆ ಮಾತು ಎಲ್ಲರಿಗೂ ಹಿಡಿಸಿತು.

ಸಂಜೆಯ ವೇಳೆಗೆ ಧರ್ಮಾಧಿಕರಣದ ಹೆಬ್ಬಾಗಿಲಿನ ಮೇಲೆ ಕಲ್ಲುಗಳು ಬೀಳತೊಡಗಿದವು. ಒಳಗೆ ಮೂವರು ಸಿಕ್ಕಿಬಿದ್ದಿದ್ದರು: ತೀರ್ಪು ಕೊಟ್ಟವನು, ತೀರ್ಪು ಪಡೆದ ಇಬ್ಬರು. ಬಿಡುಗಡೆಯಾದವರು ಹೊರಗೆ ಹೋಗಲಾರರು. ಬಿಡುಗಡೆ ಮಾಡಿದವನೂ ಮನೆಗೆ ಹೋಗಲಾರ.

"ಇವತ್ತೊಂದು ದಿನ ತಡೆದುಕೊಳ್ಳಿ. ದಂಡಿತರ ಮಾತು ಸಾಕ್ಷಿಯಲ್ಲವೆಂಬ ಕಟ್ಟಳೆಯಿಂದ ಇದುವರೆಗೆ ನಿಮ್ಮ ಬಾಯಿ ಕಟ್ಟಿತ್ತು. ಈಗ ಇಲ್ಲ. ನಾಳೆ ರಾಣಿಯವರ ಸಮ್ಮುಖದಲ್ಲಿ, ನೀವು ನನಗೆ ಹೇಳಿದ್ದನ್ನೇ ಹೇಳಿ" ಎಂದನು ಕಲಿದೇವಯ್ಯ.

ಅವರು ಹೇಳಬೇಕಾದದ್ದು ಒಂದೇ ಸಂಗತಿ. ಅರಸ ಸತ್ತ ಸಂಜೆ ಬೀಡಿನಲ್ಲಿ ಹೊಲ್ಲವ್ವೆ ಎಲೆ ಮಡಿಸುವಾಗ ಸೋವರಸನು ತಡೆದು, "ಅಣ್ಣನಿಗೆ ಇಂದು ನನ್ನ ಸುಣ್ಣ" ಎಂದು ತನ್ನ ಚಿಪ್ಪಿನ ಭರಣಿಯ ಮುತ್ತಿನ ಸುಣ್ಣವನ್ನು ಸ್ವಹಸ್ತದಿಂದ ಸವರಿ ಕೊಟ್ಟಿದ್ದನು. ಕಂಡವರು ಇಬ್ಬರೇ. ಅರಸುಕುಲದವನ ಮೇಲಿನ ದೂರಿಗೆ ಇಬ್ಬರ ಸಾಕ್ಷಿ ಬೇಕೇ ಬೇಕು. ಸತ್ತ ಅರಸನಿಗೆ ನಾಲ್ಕು ವರ್ಷದ ಮಗನೊಬ್ಬನಿದ್ದನು, ನನ್ನಿಗ. ಇನ್ನು ಮುಂದೆ ಆ ಮಗುವಿನ ಪರವಾಗಿ ರಾಜ್ಯವಾಳುವವನು ಸೋವರಸನೇ. ಅಣ್ಣನಿಗೆ ಸುಣ್ಣ ಸವರಿದ ಕೈ ಅಣ್ಣನ ಮಗನಿಗೆ ಹಾಲು ಹಿಡಿಯುವುದು ಎಷ್ಟು ಹೊತ್ತಿನ ಮಾತು?

ಕಲ್ಲುಗಳು ತಟ್ಟನೆ ನಿಂತವು. ಬಾಗಿಲು ತೆರೆಯಿತು. ಬಂದವನು ಸೋವರಸನೇ, ಒಬ್ಬನೇ, ಬಿಳಿಯ ಮಡಿಯುಟ್ಟು. ಆತನು ಧರ್ಮಾಧಿಕಾರಿಗೆ ತಲೆಬಾಗಿ, ಆಮೇಲೆ, ಎಲ್ಲರೂ ಬೆರಗಾಗುವಂತೆ, ಚಟ್ಟಯ್ಯನಿಗೂ ತಲೆಬಾಗಿದನು.

"ತಮ್ಮ ತೀರ್ಪನ್ನು ಶಿರಸಾವಹಿಸಿದ್ದೇನೆ, ಪೂಜ್ಯರೇ. ಸಂಕಟದಲ್ಲಿ ಅವಸರಪಟ್ಟೆ. ಲೆಂಕನೇ, ನಿನಗೆ ಕೊಲೆಗಡುಕನ ಶೂಲ ತಪ್ಪಿತು. ನಿನ್ನ ಆಣೆಯನ್ನು ನಡೆಸಲು ಇನ್ನು ಯಾವ ಅಡ್ಡಿಯೂ ಇಲ್ಲ. ನಾಳೆ ಮುಂಜಾನೆ ಸಿಡಿತಲೆಗೆ ಎಲ್ಲವನ್ನೂ ಅಣಿಮಾಡಿಸಿದ್ದೇನೆ. ವೀರಗಲ್ಲಿಗೆ ಶಿಲ್ಪಿಯನ್ನೂ ಕೂರಿಸಿದ್ದೇನೆ."

ಸಿಡಿತಲೆ ಲೆಂಕರ ಸಾವು. ಬಾಗಿಸಿದ ಬಿದಿರ ಗಳುವಿಗೆ ಜುಟ್ಟನ್ನು ಕಟ್ಟಿಸಿಕೊಂಡು ಕುಳಿತು, ಲೆಂಕನು ತನ್ನ ಕತ್ತಿಯಿಂದಲೇ ತನ್ನ ಕೊರಳನ್ನು ಕೊಯ್ದುಕೊಳ್ಳುವನು. ಗಳು ಚಿಮ್ಮಿ ತಲೆಯನ್ನು ಬಾನಿಗೆತ್ತುವುದು. ಹೆಂಡತಿಯೂ ಬೆನ್ನಲ್ಲೇ ನಡೆಯುವಳು.

ಸೋವರಸನು ಹೊರಗೆ ಹೋಗಿ ಇದನ್ನೇ ಸಾರಿದನು. ಜಯಘೋಷ ಎದ್ದಿತು. ಕಲ್ಲು ಹೆಕ್ಕಲು ಹೋಗಿದ್ದವರು ಹೂ ತರಲು ಓಡಿದರು. ಬೆಳಗಿನಿಂದ ಕೊಲೆಗಡುಕನಾಗಿದ್ದವನು ಸಂಜೆಗೆ ಸ್ವಾಮಿಭಕ್ತನಾದನು. ಬದಲಾಗದಿದ್ದುದು ಒಂದೇ, ಅವನು ಸಾಯಬೇಕೆಂಬುದು.

ಬಾಗಿಲು ಮತ್ತೆ ಮುಚ್ಚಿತು. "ಹೋಗಬೇಡ ಚಟ್ಟಯ್ಯ. ನಾಳೆ ನೀನು ಸತ್ತರೆ ನನ್ನ ತೀರ್ಪು ಅವನಿಗೇ ಅನುಕೂಲವಾಯಿತು. ನಿನ್ನನ್ನು ಹಿಡಿದಿಡಲು ನನಗೆ ಅಧಿಕಾರವಿಲ್ಲ; ನಿನ್ನನ್ನು ಸ್ವತಂತ್ರನೆಂದು ಸಾರಿದವನು ನಾನೇ" ಎಂದನು ಕಲಿದೇವಯ್ಯ.

ಚಟ್ಟಯ್ಯನ ಮುಖದಲ್ಲಿ ಮಾತ್ರ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕಂಡಿತು. "ಸ್ವಾಮೀ, ಶೂಲಕ್ಕೆ ನಾನು ಹೆದರಿದ್ದು ನಿಜ. ಇದಕ್ಕೆ ಹೆದರಿಕೆಯಿಲ್ಲ. ಅರಸರು ಮಾತು ಸತ್ತ ಮೇಲೆ ನನ್ನ ಕಾಲಿನ ಪೆಂಡೆಯವನ್ನು ಹಿಡಿದುಕೊಂಡರು. ಬಾ ಎಂದು ಕರೆದರು. ನಾನು ಆಗಲೇ ಹೋಗಬೇಕಾಗಿತ್ತು."

"ಕರೆಯುವವರು ಕೈ ಹಿಡಿಯುತ್ತಾರೆ" ಎಂದಳು ಹೊಲ್ಲವ್ವೆ. "ಹೋಗುವವನನ್ನು ತಡೆಯುವವರು ಕಾಲು ಹಿಡಿಯುತ್ತಾರೆ. ಅವರು ನಿಲ್ಲು ಎಂದರು. ಮಗು ಒಂಟಿಯಾಗುತ್ತದೆ, ನಿಲ್ಲು ಎಂದರು."

"ನಿನಗೆ ಹೇಗೆ ಗೊತ್ತು?"

"ನಿಮಗೆ ಹೇಗೆ ಗೊತ್ತೋ ಹಾಗೇ."

"ಬದುಕಿದರೆ ಊರು ಮುಖಕ್ಕೆ ಉಗುಳುತ್ತದೆ, ಹೊಲ್ಲವ್ವೆ. ನಮ್ಮ ಮನೆಯಲ್ಲಿ ಏಳು ತಲೆಮಾರಿನ ವೀರಗಲ್ಲುಗಳಿವೆ. ಎಂಟನೆಯವನು ಸಾವಿಗೆ ಹೆದರಿ ಸಾಕ್ಷಿ ಹೇಳಲು ನಿಂತನೆಂದರೆ ನನ್ನ ಮಾತನ್ನು ಯಾರು ನಂಬುತ್ತಾರೆ?"

ಸತ್ತರೆ ಮಾತಿಲ್ಲ, ಬದುಕಿದರೆ ಮಾತಿಗೆ ಬೆಲೆಯಿಲ್ಲ. ಹೊರಗೆ ಡೊಳ್ಳು ಮೊಳಗುತ್ತಿತ್ತು. ಯಾರೋ ಆಗಲೇ ಚಟ್ಟಯ್ಯನ ಮೇಲೆ ಲಾವಣಿ ಕಟ್ಟಿದ್ದರು. ಹೊಲ್ಲವ್ವೆ ಸೆರಗಿನಿಂದ ಗಂಡನ ಬೆನ್ನಿಗೆ ಗಾಳಿ ಬೀಸುತ್ತಾ ಅತ್ತಳು.

ಮರುದಿನ ಅದೇ ಬಯಲು, ಅದೇ ಜನ. ಶೂಲಗಳ ಗುಳಿಯಲ್ಲೇ ಬಿದಿರ ಗಳುವನ್ನು ನೆಟ್ಟಿದ್ದರು. ನಿನ್ನೆ ಅತ್ತ ನೇಕಾರರ ಹಿರಿಯನು ಚಟ್ಟಯ್ಯನ ಪಾದಕ್ಕೆ ಬಿದ್ದು ಹೊಸ ಧೋತ್ರ ಹೊದಿಸಿದನು. ಪುರಿ ಮಾರುವವಳು ಹೊಲ್ಲವ್ವೆಯ ಹಣೆಗೆ ಕುಂಕುಮವಿಟ್ಟು, "ತಾಯೀ, ಮೇಲಿನಿಂದ ನಮ್ಮನ್ನು ನೋಡಿಕೋ" ಎಂದಳು. ಆಕೆಯ ಕಣ್ಣೀರಿನಲ್ಲಿ ಕಪಟವಿರಲಿಲ್ಲ, ಅದೇ ಭಯಂಕರ. ಒಂದು ಬದಿಯಲ್ಲಿ ಶಿಲ್ಪಿಯು ವೀರಗಲ್ಲನ್ನು ಕಡೆಯುತ್ತಿದ್ದನು. ಗಳು ಮೂಡಿತ್ತು, ಕುಳಿತ ವೀರನ ದೇಹ ಮೂಡಿತ್ತು, ಮುಖವೊಂದು ಉಳಿದಿತ್ತು.

ಚಟ್ಟಯ್ಯನು ಕುಳಿತನು. ಆಳುಗಳು ಗಳುವನ್ನು ಬಾಗಿಸಿ ಅವನ ಜುಟ್ಟನ್ನು ಅದರ ತುದಿಗೆ ಬಿಗಿದರು. ಕತ್ತಿ ತೊಡೆಯ ಮೇಲಿತ್ತು. ಇನ್ನು ಉಳಿದದ್ದು ಎರಡೇ ವಿಧಿ: ಹೊಸ ಒಡೆಯನು ಲೆಂಕನಿಗೆ ಕೊನೆಯ ವೀಳ್ಯ ಕೊಡುವುದು, ಲೆಂಕನು ನೆರೆದವರಿಗೆ ಕೊನೆಯ ಮಾತು ಹೇಳುವುದು.

ಆ ಕೊನೆಯ ಮಾತಿನ ಹೆದರಿಕೆಯೇ ಸೋವರಸನ ನಿದ್ದೆ ಕೆಡಿಸಿತ್ತು. ಆದರೆ ವಿಧಿಯಲ್ಲಿ ವೀಳ್ಯವೇ ಮೊದಲು; ವೀಳ್ಯ ನಾಲಗೆಯನ್ನು ಕಟ್ಟಬಲ್ಲದು.

ರಾಣಿ ಕೇತಲದೇವಿ ಮಗನನ್ನು ನಡೆಸಿಕೊಂಡು ಬಂದಳು. ಸೋವರಸನು ಮಗುವಿನ ಪಕ್ಕದಲ್ಲಿ ಮಂಡಿಯೂರಿ ಅದರ ಅಂಗೈ ಮೇಲೆ ಎಲೆಯಿಟ್ಟನು. ಸೊಂಟದಿಂದ ಚಿಪ್ಪಿನ ಭರಣಿಯನ್ನು ತೆಗೆದು ಮುಚ್ಚಳ ತೆರೆದನು. "ಇದನ್ನು ಸವರಿ ನಿನ್ನ ಲೆಂಕನಿಗೆ ಕೊಡು, ದೊರೆಯೇ" ಎಂದು ಇಂಪಾಗಿ ಹೇಳಿದನು. ನನ್ನಿಗನು ಪುಟ್ಟ ತೋರುಬೆರಳನ್ನು ಸುಣ್ಣದಲ್ಲಿ ಅದ್ದಿದನು. ಎಲೆಗೆ ಒಂದಿಷ್ಟು ಸವರಿದನು. ಬೆರಳಿನಲ್ಲಿ ಬೆಣ್ಣೆಯಂತೆ ಬಿಳಿಯ ಸುಣ್ಣ ಇನ್ನೂ ಉಳಿದಿತ್ತು. ಸೋವರಸನ ಕಣ್ಣು ಲೆಂಕನ ಬಾಯ ಮೇಲಿತ್ತು. ನಾಲ್ಕು ವರ್ಷದ ಮಗು ಬೆರಳಿಗೆ ಅಂಟಿದ್ದನ್ನು ಏನು ಮಾಡುತ್ತದೆಂಬುದು ಆ ಮಹಾ ತಂತ್ರಗಾರನಿಗೆ ಹೊಳೆದಿರಲಿಲ್ಲ.

"ಬೆರಳು! ಮಗುವಿನ ಬೆರಳು!" ಎಂದು ಹೊಲ್ಲವ್ವೆ ಚೀರಿದಳು.

ಚಟ್ಟಯ್ಯನು ಮೇಲೇಳಲು ಹೋದನು. ಜುಟ್ಟು ಜಗ್ಗಿತು. ಬೆರಳು ತುಟಿಯ ಹತ್ತಿರ ಬಂದಿತ್ತು. ಆಗ ಅವನು ಏಳು ತಲೆಮಾರಿನಲ್ಲಿ ಯಾರೂ ಮಾಡದಿದ್ದುದನ್ನು ಮಾಡಿದನು. ಕತ್ತಿಯನ್ನೆತ್ತಿ, ಕೊರಳಿಗಲ್ಲ, ಬಿಗಿದ ಜುಟ್ಟಿಗೆ ಬೀಸಿ, ಒಂದೇ ನೆಗೆತಕ್ಕೆ ಆ ಪುಟ್ಟ ಕೈಯನ್ನು ಹಿಡಿದುಕೊಂಡನು.

ಅವನ ಹಿಂದೆ ಗಳು ಭರ್ರನೆ ಬಾನಿಗೆ ಚಿಮ್ಮಿತು. ಅದರ ತುದಿಯಲ್ಲಿ ಒಂದು ಹಿಡಿ ಕೂದಲು ತೂಗಾಡಿತು.

ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು, ನಗುವಿನ ಬೆನ್ನಿಗೆ ಕೂಗು. "ಹೇಡಿ! ತಲೆ ಉಳಿಸಿಕೊಂಡ ಹೇಡಿ!" ಹೊದಿಸಿದ ಧೋತ್ರವನ್ನು ನೇಕಾರರ ಹಿರಿಯನೇ ಬಂದು ಕಿತ್ತುಕೊಂಡನು. ಚಟ್ಟಯ್ಯನು ಅತ್ತ ನೋಡಲಿಲ್ಲ. ಮಗುವಿನ ಬೆರಳನ್ನು ತಾನುಟ್ಟ ಪಂಚೆಗೆ ಒರೆಸಿ, ಹೊಲ್ಲವ್ವೆ ತಂದ ನೀರಿನಿಂದ ಮತ್ತೆ ಮತ್ತೆ ತೊಳೆದನು.

"ನಾನು ಸಾಯುವುದಿಲ್ಲ" ಎಂದನು. "ನನ್ನ ಮೇಲೆ ಉಗುಳಿ. ಆದರೆ ಕೇಳಿ. ಅರಸರು ಕೊನೆಯದಾಗಿ ಮೆದ್ದದ್ದು ಈ ಭರಣಿಯ ಸುಣ್ಣ."

"ಕಂಡವಳು ನಾನು" ಎಂದಳು ಹೊಲ್ಲವ್ವೆ.

"ಮಾನಗೆಟ್ಟವರ ಮಾತು!" ಎಂದು ಸೋವರಸನು ನಗಲು ಯತ್ನಿಸಿದನು.

ಕಲಿದೇವಯ್ಯನು ಕೋಲೂರುತ್ತಾ ಮುಂದೆ ಬಂದು, ನೆಲಕ್ಕೆ ಬಿದ್ದಿದ್ದ ಆ ಸುಣ್ಣ ಸವರಿದ ಎಲೆಯನ್ನು ಎತ್ತಿಕೊಂಡನು. "ಮಾತು ಬೇಡ, ಪ್ರಭುಗಳೇ. ನಿನ್ನೆ ಈ ಬಡವರ ಅಡಪದ ತಾಂಬೂಲವನ್ನು ನಾನು ಮೆದ್ದೆ. ಇಂದು ತಮ್ಮ ಭರಣಿಯದನ್ನು ತಾವು ಮೆಲ್ಲಬೇಕು. ಅಷ್ಟೇ."

ಬಯಲೆಲ್ಲ ಸೋವರಸನ ಕಡೆ ತಿರುಗಿತು. ಆತನು ಎಲೆಯನ್ನು ಕೈಗೆ ತೆಗೆದುಕೊಂಡನು. ಮಡಿಸಿದನು. ಬಾಯಿಯವರೆಗೆ ಒಯ್ದನು. ಬಾಯಿ ತೆರೆಯಲಿಲ್ಲ. ರಾಣಿಯು ಮಗನನ್ನು ಬಾಚಿ ಎದೆಗೊತ್ತಿಕೊಂಡಳು.

ಆಗ ಪುರಿ ಮಾರುವವಳೇ ಮೊದಲು ಕೂಗಿದಳು: "ಶೂಲ! ಶೂಲ ತನ್ನಿ!"

"ತರುವಂತಿಲ್ಲ" ಎಂದನು ಕಲಿದೇವಯ್ಯ. ದಣಿದ ಮುದುಕನ ಆ ದನಿಗೆ ಜನ ಹಿಂಜರಿದರು. "ಇವರಿಗೂ ಧರ್ಮಾಧಿಕರಣದಲ್ಲಿ ವಿಚಾರಣೆ ನಡೆಯಬೇಕು. ನಿಮಗೆ ಅವಸರವಿದ್ದರೆ ಹೋಗಿ ಹರಿಗೋಲು ನೀರಿಗಿಳಿಸಿ."

ಚಟ್ಟಯ್ಯನು ಎಡಗಾಲಿನ ಪೆಂಡೆಯವನ್ನು ಬಿಚ್ಚಿ ರಾಣಿಯ ಮುಂದಿಟ್ಟನು. ವಿಚಾರಣೆಯಲ್ಲಿ ಸತ್ಯ ಹೊರಬಿದ್ದು ಸೋವರಸನು ದಂಡಿತನಾದ ಮೇಲೂ ಊರು ಚಟ್ಟಯ್ಯನನ್ನು ಪೂರ್ತಿ ಕ್ಷಮಿಸಲಿಲ್ಲ. ಸಾಯುತ್ತೇನೆಂದು ಕುಳಿತು ಎದ್ದವನನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸಾಯದ ಲೆಂಕ ಎಂದೇ ಕರೆದರು, ಲಾವಣಿಯನ್ನು ಮರೆತರು. ಬೋಳುತಲೆಯ ಆ ಮನುಷ್ಯ ನನ್ನಿಗನ ಬಾಗಿಲಲ್ಲಿ ಮಲಗಿ, ಅವನ ಅನ್ನವನ್ನು ಮೊದಲು ತಾನು ಉಂಡು, ಮಗುವನ್ನು ಬಾಲಕನಾಗಿ, ಬಾಲಕನನ್ನು ಅರಸನಾಗಿ ಬೆಳೆಸಿದನು. ಪಟ್ಟಾಭಿಷೇಕದ ದಿನ ನನ್ನಿಗನು ಹಳೆಯ ಪೆಂಡೆಯವನ್ನು ತರಿಸಿ ತಾನೇ ಬಗ್ಗಿ ಆ ಕಾಲನ್ನು ಹಿಡಿದನು.

"ಬೇಡ, ದೇವ" ಎಂದನು ಚಟ್ಟಯ್ಯ. "ಇದೇ ಕಾಲನ್ನು ತಮ್ಮ ತಂದೆ ಹಿಡಿದಿದ್ದರು. ನಿಲ್ಲು ಎಂದಿದ್ದರು. ನಿಂತಿದ್ದೇನೆ."

ಮುಖ ಮೂಡದ ಆ ವೀರಗಲ್ಲನ್ನು ಶಿಲ್ಪಿಯು ಕೂಲಿ ಸಿಗದೆ ಹೊಳೆಯ ದಂಡೆಯಲ್ಲಿ ಎಸೆದು ಹೋಗಿದ್ದನು. ಹರಿಗೋಲುಗಳು ದಡ ಮುಟ್ಟುವ ಹೊತ್ತಿಗೆ ಹೊಲ್ಲವ್ವೆ ಪ್ರತಿದಿನವೂ ಅದರ ಮೇಲೆ ಗಂಡನ ಬಟ್ಟೆ ಒಗೆಯುತ್ತಿದ್ದಳು.